ಅರ್ಥವಾಗದ ವಚನದ ಮುಂದೆ ಕೂರುವುದು ಹೇಗೆ

ಸತ್ಯವೇದ, ಅಂದರೆ ಬೈಬಲ್ ಓದುವವರಿಗೆ ಒಂದಲ್ಲ ಒಂದು ದಿನ ಮನಸ್ಸು ಒಪ್ಪದ ವಚನ ಎದುರಾಗಿಯೇ ಆಗುತ್ತದೆ. ಹೆಚ್ಚಿನವರು ಸುಮ್ನೆ ಪುಟ ತಿರುಗಿಸಿ ಮುಂದೆ ಹೋಗುತ್ತಾರೆ. ಕೆಲವರು ಫೋನ್ ತೆಗೆದು ಯಾವುದಾದರೂ ಬೋಧಕರ ವಿಡಿಯೋ ಹುಡುಕುತ್ತಾರೆ. ಹತ್ತು ನಿಮಿಷದಲ್ಲಿ ಉತ್ತರ ಸಿಕ್ಕಿತು ಅಂತ ಮಲಗುತ್ತಾರೆ. ನಾನು ಹೇಳುವುದು ಇನ್ನೊಂದು ದಾರಿ. ಸ್ವಲ್ಪ ನಿಧಾನ.

ನಾನು ಪಾಸ್ಟರ್ ಅಲ್ಲ, ದೇವಶಾಸ್ತ್ರ ಓದಿದವನೂ ಅಲ್ಲ. ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್. ಬೆಳಿಗ್ಗೆ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ ಬರೆಯುವುದು, ವಾರಕ್ಕೊಮ್ಮೆ ಬಟವಾಡೆ ಮಾಡುವುದು ನನ್ನ ಕೆಲಸ. ಬುಧವಾರ ರಾತ್ರಿ ತೋಟದ ಆಳುಗಳ ಒಂದು ಲೈನ್ ಮನೆಯಲ್ಲಿ ನಾವು ಕೆಲವರು ಸೇರಿ ಓದುತ್ತೇವೆ. ನಮ್ಮ ಸಿಎಸ್‌ಐ (ಪ್ರಾಟೆಸ್ಟೆಂಟ್) ಸಭೆಯವರಿದ್ದಾರೆ, ಕ್ಯಾಥೊಲಿಕರೂ ಇದ್ದಾರೆ. ಅವರ ಬೈಬಲ್ಲಿನಲ್ಲಿ 73 ಪುಸ್ತಕ, ನಮ್ಮದರಲ್ಲಿ 66. ಆ ವಿಷಯಕ್ಕೆ ಒಮ್ಮೆ ಜೋರು ಮಾತಾಗಿ, ಇನ್ನು ಅದನ್ನು ಎತ್ತುವುದು ಬೇಡ ಅಂತ ಎಲ್ಲರೂ ಒಪ್ಪಿಕೊಂಡಿದ್ದೇವೆ. ಕೊಯ್ಲಿನ ಕಾಲದಲ್ಲಿ ಎಲ್ಲರಿಗೂ ಸುಸ್ತು, ನಾಲ್ಕು ವಚನ ಓದಿ ಎದ್ದುಬಿಡುತ್ತೇವೆ. ಮಳೆಗಾಲದಲ್ಲಿ ಕರೆಂಟ್ ಹೋದ ಮೇಲೆ ಬೇರೇನೂ ಮಾಡಲಿಕ್ಕಾಗುವುದಿಲ್ಲ ನೋಡಿ, ಆಗ ಓದು ಚೆನ್ನಾಗಿ ನಡೆಯುತ್ತದೆ.

ಮೊದಲು ಸಂಕೋಚ ಬಿಡಿ

ಅರ್ಥವಾಗಲಿಲ್ಲ ಅನ್ನುವುದು ಅಪನಂಬಿಕೆ ಅಲ್ಲ. ಪೌಲನ ಪತ್ರಗಳಲ್ಲಿ ತಿಳಿಯಲು ಕಷ್ಟವಾದ ಮಾತುಗಳಿವೆ ಎಂದು ಪೇತ್ರನ ಎರಡನೇ ಪತ್ರದಲ್ಲೇ (2 ಪೇತ್ರ 3:16) ಬರೆದಿದೆ. ಪ್ರವಾದಿ ದಾನಿಯೇಲ ತಾನು ಕೇಳಿಸಿಕೊಂಡದ್ದು ತನಗೇ ತಿಳಿಯಲಿಲ್ಲ ಅನ್ನುತ್ತಾನೆ. ಯೋಹಾನ 6ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ತಮ್ಮ ಮಾಂಸ ತಿನ್ನುವ, ರಕ್ತ ಕುಡಿಯುವ ಮಾತಾಡಿದಾಗ ಶಿಷ್ಯರಲ್ಲೇ ಅನೇಕರು ಇದು ಕಠಿಣ ಮಾತು ಅಂತ ಗೊಣಗಿ ಬಿಟ್ಟುಹೋದರು. ಉಳಿದ ಹನ್ನೆರಡು ಮಂದಿಗೆ ಅರ್ಥವಾಗಿತ್ತು ಅಂತ ಅಲ್ಲಿ ಎಲ್ಲೂ ಬರೆದಿಲ್ಲ. ನೀವೂ ಹೋಗುತ್ತೀರಾ ಎಂದು ಕೇಳಿದಾಗ ಪೇತ್ರ ಹೇಳಿದ್ದು ಇಷ್ಟು: ಸ್ವಾಮೀ, ಯಾರ ಹತ್ತಿರ ಹೋಗೋಣ? ನಿತ್ಯಜೀವದ ಮಾತು ನಿಮ್ಮಲ್ಲೇ ಇದೆಯಲ್ಲ.

ಕಠಿಣ ವಚನದ ಮುಂದೆ ನಂಬಿಕೆ ಅಂದರೆ ನನಗೆ ಇದೇ. ಎದ್ದು ಹೋಗದೆ ಕೇಳುತ್ತಾ ಇರುವುದು.

ಹಾಗಾಗಿ ಓದುವ ಮೊದಲು ಪ್ರಾರ್ಥನೆ ಮಾಡಿ. ಉದ್ದ ಬೇಡ. ದೇವರನ್ನು ಹೊಗಳಿ ಆಮೇಲೆ ಮೆಲ್ಲಗೆ ವಿಷಯಕ್ಕೆ ಬರುವ ಅಗತ್ಯವೂ ಇಲ್ಲ. "ಕರ್ತನೇ, ಈ ಮಾತು ನನಗೆ ತಿಳಿಯುತ್ತಿಲ್ಲ. ನಿಜ ಹೇಳಬೇಕೆಂದರೆ ಇಷ್ಟವೂ ಆಗುತ್ತಿಲ್ಲ. ತಿಳಿಸು" ಅಂದರೆ ಸಾಕು. ಜ್ಞಾನ ಕೇಳಿದವರನ್ನು ದೇವರು ಗದರಿಸುವುದಿಲ್ಲ, ಧಾರಾಳವಾಗಿ ಕೊಡುತ್ತಾನೆ ಎಂದು ಯಾಕೋಬನ ಪತ್ರದ ಮೊದಲ ಅಧ್ಯಾಯದಲ್ಲೇ ಇದೆ. ಹಾಗಂತ ಪ್ರಾರ್ಥನೆ ಮುಗಿದ ಕೂಡಲೇ ಮನಸ್ಸಿಗೆ ಹೊಳೆದದ್ದೆಲ್ಲ ಪವಿತ್ರಾತ್ಮನ ಮಾತು ಅಂದುಕೊಳ್ಳಬೇಡಿ. ಪ್ರಾರ್ಥನೆ ಆದ ಮೇಲೆ ಓದುವ ಕೆಲಸ ಇದ್ದೇ ಇದೆ.

ಅಂಕಿಗಳನ್ನು ಮರೆತು ಓದಿ

ಅಧ್ಯಾಯ, ವಚನಗಳ ಅಂಕಿ ಬರೆದವರು ಹಾಕಿದ್ದಲ್ಲ. ಈಗ ನಾವು ಬಳಸುವ ಅಧ್ಯಾಯಗಳನ್ನು ವಿಂಗಡಿಸಿದವರು 13ನೇ ಶತಮಾನದ ಆರಂಭದ ಸ್ಟೀಫನ್ ಲ್ಯಾಂಗ್ಟನ್ ಎನ್ನುತ್ತಾರೆ. ಹೊಸ ಒಡಂಬಡಿಕೆಗೆ ಈಗಿರುವ ವಚನ ಸಂಖ್ಯೆ ಬಂದದ್ದು 1551ರಲ್ಲಿ, ರೊಬೇರ್ ಎಸ್ತಿಯೆನ್ ಎಂಬ ಫ್ರೆಂಚ್ ಮುದ್ರಕನಿಂದ. ಹುಡುಕಲಿಕ್ಕೆ ಅನುಕೂಲ, ನಿಜ. ಆದರೆ ಒಂದೇ ಮಾತನ್ನು ಎರಡು ತುಂಡು ಮಾಡಿಬಿಡುವುದೂ ಉಂಟು.

ಮತ್ತಾಯ 20ನ್ನೇ ತೆಗೆದುಕೊಳ್ಳಿ. ದ್ರಾಕ್ಷಿತೋಟದ ಯಜಮಾನ ಬೆಳಿಗ್ಗೆ ಹೋಗಿ ಆಳುಗಳನ್ನು ಕರೆಯುತ್ತಾನೆ. ದಿನಕ್ಕೆ ಒಂದು ದಿನಾರಿ ಕೂಲಿ. ಮತ್ತೆ 9 ಗಂಟೆಗೆ, 12ಕ್ಕೆ, 3ಕ್ಕೆ ಹೋಗಿ ಕರೆಯುತ್ತಾನೆ. ಸಂಜೆ 5ಕ್ಕೂ ಕರೆಯುತ್ತಾನೆ. ಬಟವಾಡೆ ಹೊತ್ತಿಗೆ ಎಲ್ಲರಿಗೂ ಅದೇ ಒಂದು ದಿನಾರಿ. ಬೆಳಿಗ್ಗೆಯಿಂದ ದುಡಿದವರು ಗೊಣಗಿದರೆ, ನಾನು ಧಾರಾಳವಾಗಿ ಕೊಟ್ಟದ್ದಕ್ಕೆ ನಿನಗೆ ಹೊಟ್ಟೆಕಿಚ್ಚಾ ಅನ್ನುತ್ತಾನೆ ಯಜಮಾನ. ಪೇಟೆಯ ಸಭೆಗಳಲ್ಲಿ ಇದು ಕಠಿಣ ಭಾಗ ಅಂತ ಯಾರಿಗೂ ಅನ್ನಿಸುವುದಿಲ್ಲವೇನೋ. ನಮ್ಮ ಲೈನಿನಲ್ಲಿ ಓದಿದಾಗ ಮಾತ್ರ ಗಲಾಟೆಯೇ ಆಯಿತು. "ರೈಟ್ರೇ, ನೀವು ಹೀಗೆ ಚೆಕ್‌ರೋಲ್ ಬರೆದರೆ ನಾವು ಬಿಡುತ್ತೇವಾ?" ಅಂದರು ಒಬ್ಬರು. ಖಂಡಿತ ಬಿಡುವುದಿಲ್ಲ. ಮಧ್ಯಾಹ್ನ ಬಂದವರಿಗೆ ಅರ್ಧ ಹಾಜರಿ, ಅಷ್ಟೇ. ಬಿಸಿಲಲ್ಲಿ ದುಡಿದವರ ಗೊಣಗಾಟ ನ್ಯಾಯವಾಗಿಯೇ ಇದೆಯಲ್ಲ ಎಂದು ನನಗೂ ಅನ್ನಿಸಿತ್ತು.

ಆಗ ಮಾಡಬೇಕಾದ್ದು ಇಷ್ಟು. 20ರಿಂದ ಶುರುಮಾಡದೆ ಒಂದು ಪುಟ ಹಿಂದಕ್ಕೆ ಹೋಗಿ. 19ರ ಕೊನೆಯಲ್ಲಿ ಪೇತ್ರ ಕೇಳುತ್ತಾನೆ: ನಾವು ಎಲ್ಲವನ್ನೂ ಬಿಟ್ಟು ನಿಮ್ಮ ಹಿಂದೆ ಬಂದೆವಲ್ಲ, ನಮಗೇನು ಸಿಗುತ್ತದೆ? ಮೊದಲಿನವರು ಕಡೆಯವರಾಗುವರು ಎಂಬ ಮಾತು ಅಲ್ಲೇ ಬರುತ್ತದೆ. ಕಥೆ ಮುಗಿದ ಮೇಲೆ ಅದೇ ಮಾತು ತಿರುಗಿ ಬರುತ್ತದೆ. ಅಂದರೆ ಈ ಕಥೆ ಪೇತ್ರನ ಲೆಕ್ಕಾಚಾರಕ್ಕೆ ಕೊಟ್ಟ ಉತ್ತರ. ನಡುವೆ 20 ಅಂತ ದಪ್ಪ ಅಂಕಿ ನಿಂತಿರುವುದರಿಂದ ಪ್ರಶ್ನೆ ಒಂದು ಕಡೆ, ಉತ್ತರ ಒಂದು ಕಡೆ ಆಗಿಬಿಟ್ಟಿದೆ.

ಇದು ನಾನು ತೋರಿಸಿದ್ದು. ಇದಕ್ಕಿಂತ ದೊಡ್ಡದನ್ನು ತೋರಿಸಿದವರು ಅಕ್ಷರ ಬಾರದ ಒಬ್ಬರು ಅಜ್ಜಿ. ಐದು ಗಂಟೆವರೆಗೂ ಯಾಕೆ ನಿಂತಿದ್ದೀರಿ ಅಂದಾಗ ಆ ಆಳುಗಳು ಯಾರೂ ನಮ್ಮನ್ನು ಕರೆಯಲಿಲ್ಲ ಅನ್ನುತ್ತಾರಲ್ಲ, ಅದನ್ನು ಅಜ್ಜಿ ಇನ್ನೊಮ್ಮೆ ಓದಿಸಿದರು. "ಬೆಳಿಗ್ಗೆ ಪಿಕಪ್ ಬಂದಾಗ ಮೇಸ್ತ್ರಿ ಯಾರನ್ನು ಹತ್ತಿಸಿಕೊಳ್ಳುತ್ತಾನೆ? ಗಟ್ಟಿ ಇರುವವರನ್ನ. ಕಡೇಲಿ ಉಳಿಯೋರು ನನ್ನಂಥವರು. ಅವರಿಗೂ ರಾತ್ರಿ ಊಟ ಬೇಕಲ್ವಾ?" ಅಂದರು. ಅದುವರೆಗೆ ನಾವೆಲ್ಲ ಆ ಕಥೆಯನ್ನು ಬೆಳಿಗ್ಗೆ ಬಂದವರ ಸಾಲಿನಲ್ಲಿ ನಿಂತು ಓದುತ್ತಿದ್ದೆವು. ಅಜ್ಜಿ ಸಂಜೆಯವರ ಸಾಲಿನಲ್ಲಿ ನಿಂತು ಕೇಳಿದ್ದರು. ಅವತ್ತಿನಿಂದ ಯಾವ ಕಷ್ಟದ ಭಾಗ ಬಂದರೂ, ಕಥೆಯಲ್ಲಿ ನಾವು ಯಾರ ಜಾಗದಲ್ಲಿ ನಿಂತು ಓದುತ್ತಿದ್ದೇವೆ ಅಂತ ಕೇಳಿಕೊಳ್ಳುತ್ತೇವೆ. ಜಾಗ ಬದಲಾಯಿಸಿ ಇನ್ನೊಮ್ಮೆ ಓದುತ್ತೇವೆ. ನೀವೂ ಮಾಡಿ ನೋಡಿ.

ಮಾತಾಡುತ್ತಿರುವುದು ಯಾರು?

ಸತ್ಯವೇದದೊಳಗೆ ಇರುವ ಪ್ರತಿ ವಾಕ್ಯವೂ ದೇವರ ಬಾಯಿಂದ ಬಂದದ್ದಲ್ಲ. ಸೈತಾನನ ಮಾತೂ ಇದೆ, ಫರೋಹನ ಮಾತೂ ಇದೆ. ಇದು ಎಲ್ಲರಿಗೂ ಗೊತ್ತು. ಆದರೆ ಯೋಬನ ಪುಸ್ತಕಕ್ಕೆ ಬಂದಾಗ ಮರೆತುಹೋಗುತ್ತದೆ. ಎಲ್ಲವನ್ನೂ ಕಳೆದುಕೊಂಡು ಕೂತ ಯೋಬನ ಮುಂದೆ ಅವನ ಸ್ನೇಹಿತರಾದ ಎಲೀಫಜ, ಬಿಲ್ದದ, ಚೋಫರ ಪುಟಗಟ್ಟಲೆ ಮಾತಾಡುತ್ತಾರೆ. ಪಾಪ ಮಾಡದೆ ಇಂಥ ಕಷ್ಟ ಬರುತ್ತದಾ ಎನ್ನುವುದೇ ಅವರ ವಾದ. ಕೇಳಲಿಕ್ಕೆ ಭಕ್ತಿಯ ಮಾತು. ಪುಸ್ತಕದ ಕೊನೆಗೆ, 42:7ರಲ್ಲಿ, ದೇವರು ಎಲೀಫಜನಿಗೆ ಹೇಳುತ್ತಾನೆ: ನಿನ್ನ ಮೇಲೂ ನಿನ್ನ ಇಬ್ಬರು ಸ್ನೇಹಿತರ ಮೇಲೂ ನನಗೆ ಕೋಪ ಬಂದಿದೆ, ನೀವು ನನ್ನ ವಿಷಯದಲ್ಲಿ ಯೋಬನ ಹಾಗೆ ಸರಿಯಾದದ್ದನ್ನು ಆಡಲಿಲ್ಲ. ಕೊನೆಯ ಅಧ್ಯಾಯ ಓದದವರು ಆ ಮೂವರ ಮಾತನ್ನೇ ದೇವರ ಮಾತು ಅಂತ ಹೇಳಿಕೊಂಡು ತಿರುಗುತ್ತಾರೆ.

2019ರ ಆಗಸ್ಟ್‌ನಲ್ಲಿ ನಮ್ಮ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಜರಿದು ಮನೆ, ತೋಟ, ಗದ್ದೆ ಹೋದವಲ್ಲ, ಆಗ ಈ ಸ್ನೇಹಿತರು ನಮ್ಮಲ್ಲೂ ಹುಟ್ಟಿಕೊಂಡರು. ಆ ಊರಿನವರು ಏನೋ ಮಾಡಿರಬೇಕು, ಇದು ದೇವರ ಶಿಕ್ಷೆ ಅಂತ ವಾಟ್ಸಾಪ್‌ನಲ್ಲಿ ವಚನ ಸಮೇತ ಬಂತು. ಓದಿ ನನಗೆ ಮೈಯೆಲ್ಲ ಉರಿಯಿತು. ಸಿಟ್ಟಿಗೆ ಉತ್ತರ ಬರೆಯುವ ಬದಲು ಆ ಬುಧವಾರ ಲೂಕ 13 ಓದಿದೆವು. ಸಿಲೋವದಲ್ಲಿ ಬುರುಜು ಬಿದ್ದು 18 ಮಂದಿ ಸತ್ತಿದ್ದರು. ಅವರು ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚು ತಪ್ಪು ಮಾಡಿದವರು ಅಂದುಕೊಂಡಿದ್ದೀರಾ ಎಂದು ಯೇಸುಸ್ವಾಮಿ ಕೇಳುತ್ತಾರೆ. ಅಲ್ಲ ಅಂತ ತಾವೇ ಹೇಳುತ್ತಾರೆ. ಅದರ ಮುಂದಿನ ಮಾತು ಇನ್ನೂ ಕಷ್ಟದ್ದು: ನೀವು ದೇವರ ಕಡೆಗೆ ತಿರುಗದಿದ್ದರೆ ನೀವೂ ಹಾಗೆಯೇ ನಾಶವಾಗುವಿರಿ. ಇಲ್ಲಿ ಬೆರಳು ಸತ್ತವರ ಕಡೆಗಿಲ್ಲ, ಕೇಳುತ್ತಾ ನಿಂತವರ ಕಡೆಗಿದೆ. ಬೇರೆಯವರ ಕಷ್ಟಕ್ಕೆ ಕಾರಣ ಹೇಳಲು ಈ ಭಾಗವನ್ನು ಬಳಸಲಿಕ್ಕೇ ಆಗುವುದಿಲ್ಲ.

ಅದಕ್ಕೇ ನಮ್ಮಲ್ಲಿ ಒಂದು ನಿಯಮ ಇದೆ. ನಾವು ದೇವರ ಮುಂದೆ ಇಟ್ಟು ಪ್ರಶ್ನೆ ಕೇಳದ ಕಠಿಣ ವಚನವನ್ನು ಇನ್ನೊಬ್ಬರ ಮುಂದೆ ಇಡುವ ಹಾಗಿಲ್ಲ. ಸಾವಿನ ಮನೆಯಲ್ಲಂತೂ ಬೇಡವೇ ಬೇಡ.

ಕೀರ್ತನೆ 137 ಇನ್ನೊಂದು ಬಗೆ. ಬಾಬೆಲಿನ ನದಿಗಳ ಬಳಿ ಕೂತು ಅತ್ತೆವು ಎಂಬ ಶುರುವನ್ನು ಎಲ್ಲರೂ ಹಾಡುತ್ತಾರೆ. ಕೊನೆಯ ವಚನವನ್ನು ಯಾರೂ ಹಾಡುವುದಿಲ್ಲ. ಶತ್ರುಗಳ ಕೂಸುಗಳನ್ನು ಬಂಡೆಗೆ ಅಪ್ಪಳಿಸುವವನು ಧನ್ಯ ಎಂದಿದೆ ಅಲ್ಲಿ. ಇದು ದೇವರು ಕೊಟ್ಟ ಆಜ್ಞೆ ಅಲ್ಲ. ಕ್ರಿ.ಪೂ. 6ನೇ ಶತಮಾನದಲ್ಲಿ ಯೆರೂಸಲೇಮ್ ಪಟ್ಟಣ ಸುಟ್ಟುಹೋಗಿ, ತಮ್ಮವರು ಸಾಯುವುದನ್ನು ನೋಡಿ, ಸೆರೆಯಾಗಿ ದೂರ ದೇಶಕ್ಕೆ ಹೋದವರ ಕೂಗು. ಅಷ್ಟು ಕೆಟ್ಟ ಸಿಟ್ಟನ್ನೂ ಅವರು ಪ್ರಾರ್ಥನೆಯಲ್ಲೇ ಹೇಳಿದರು, ನಯ ಮಾಡಿ ಹೇಳಲಿಲ್ಲ. ಇದರಿಂದ ವಚನದ ಕಹಿ ಹೋಗುವುದಿಲ್ಲ. ಹೋಗಬೇಕಾಗಿಯೂ ಇಲ್ಲ.

ಇನ್ನು ಕೆಲವು ವಚನಗಳಿಗೆ ಇಷ್ಟೆಲ್ಲ ಹೆಣಗಬೇಕಾಗಿಲ್ಲ. ತಂದೆತಾಯಿಯನ್ನು ದ್ವೇಷಿಸದವನು ನನ್ನ ಶಿಷ್ಯನಾಗಲಾರ ಎಂದು ಲೂಕ 14:26ರಲ್ಲಿದೆ. ಅದರ ಪಕ್ಕಕ್ಕೆ ಮತ್ತಾಯ 10:37 ಇಟ್ಟು ನೋಡಿ. ನನಗಿಂತ ಹೆಚ್ಚಾಗಿ ತಂದೆತಾಯಿಯನ್ನು ಪ್ರೀತಿಸುವವನು ನನಗೆ ತಕ್ಕವನಲ್ಲ ಎಂದಿದೆ. ಅಲ್ಲಿಗೆ ಮುಗಿಯಿತು. ಮಸುಕಾದ ಕಡೆ ಸ್ಪಷ್ಟವಾದ ಭಾಗಗಳ ಬೆಳಕಿನಲ್ಲಿ ಓದಬೇಕು ಎಂದು ಹಿಪ್ಪೋ ಪಟ್ಟಣದ ಬಿಷಪ್ ಅಗಸ್ಟಿನ್ ಹೇಳಿದ್ದರು. ಅವರು ತೀರಿಕೊಂಡದ್ದು ಕ್ರಿ.ಶ. 430ರಲ್ಲಿ. ಅವರ ಇನ್ನೊಂದು ಮಾತು ನನಗೆ ಜಾಸ್ತಿ ಇಷ್ಟ: ನಿಮ್ಮ ಅರ್ಥವಿವರಣೆ ದೇವರ ಮೇಲಿನ ಪ್ರೀತಿಯನ್ನೂ ನೆರೆಯವರ ಮೇಲಿನ ಪ್ರೀತಿಯನ್ನೂ ಬೆಳೆಸದಿದ್ದರೆ ನಿಮಗೆ ಇನ್ನೂ ಅರ್ಥವಾಗಿಲ್ಲ.

ಒಬ್ಬರೇ ಕೂರಬೇಡಿ

ಅಪೊಸ್ತಲರ ಕೃತ್ಯಗಳು 8ರಲ್ಲಿ ಇಥಿಯೋಪ್ಯದ ಅಧಿಕಾರಿಯೊಬ್ಬ ರಥದಲ್ಲಿ ಕೂತು ಯೆಶಾಯನನ್ನು ಓದುತ್ತಿರುತ್ತಾನೆ. ದೊಡ್ಡ ಹುದ್ದೆಯವನು, ರಾಣಿಯ ಖಜಾನೆಯೇ ಅವನ ಕೈಯಲ್ಲಿತ್ತು. ಓದುವುದು ತಿಳಿಯುತ್ತದಾ ಎಂದು ಫಿಲಿಪ್ಪ ಕೇಳಿದರೆ, ಯಾರಾದರೂ ದಾರಿ ತೋರಿಸದೆ ಹೇಗೆ ತಿಳಿಯುತ್ತದೆ ಅನ್ನುತ್ತಾನೆ. ಹತ್ತಿ ಬನ್ನಿ ಅಂತ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾನೆ. ನಿಮ್ಮ ಸಭಾಪಾಲಕರನ್ನೋ ಫಾದರನ್ನೋ ಹೀಗೇ ಕರೆದು ಕೇಳಿ. ಭಾನುವಾರ ಆರಾಧನೆ ಮುಗಿದು ಎಲ್ಲರೂ ಮುತ್ತಿಕೊಂಡಿರುವಾಗ ಬೇಡ. ಬಿಡುವು ನೋಡಿ ಮನೆಗೆ ಹೋಗಿ. ವಚನ ಬರೆದುಕೊಂಡು ಹೋದರೆ ಅವರಿಗೂ ಯೋಚಿಸಲು ಸಮಯ ಸಿಗುತ್ತದೆ.

ಒಬ್ಬರಿಗೆ ಮಾತ್ರ ಹೊಳೆದ, ಬೇರೆ ಯಾರಿಗೂ ಒಪ್ಪಿಗೆಯಾಗದ ಅರ್ಥದ ಬಗ್ಗೆ ಹುಷಾರಾಗಿರಿ. ಹಾವು ಹಿಡಿದರೂ ವಿಷ ಕುಡಿದರೂ ಏನೂ ಆಗದು ಎಂಬ ಮಾರ್ಕ 16:18ನ್ನು ಹಿಡಿದುಕೊಂಡು ಬಿಪಿ ಮಾತ್ರೆ ಬಿಡುವುದು ನಂಬಿಕೆ ಅಲ್ಲ. ಪೌಲನ ಜೊತೆಗಿದ್ದ ಲೂಕನೇ ವೈದ್ಯ.

ತಿಳಿದಷ್ಟನ್ನು ಮಾಡಿ

ನನಗೆ ಬಹಳ ಸಹಾಯವಾದ ವಚನ ಯೋಹಾನ 7:17. ದೇವರ ಚಿತ್ತದಂತೆ ನಡೆಯಲು ಮನಸ್ಸಿರುವವನಿಗೆ ಈ ಬೋಧನೆ ದೇವರಿಂದ ಬಂದದ್ದೋ ಅಲ್ಲವೋ ತಿಳಿಯುತ್ತದೆ ಎಂದಿದೆ. ಮೊದಲು ಪೂರ್ತಿ ತಿಳಿಯಲಿ, ಆಮೇಲೆ ನಡೆಯುತ್ತೇನೆ ಅಂತ ಕಾದರೆ ಎರಡೂ ಆಗುವುದಿಲ್ಲ. ದ್ರಾಕ್ಷಿತೋಟದ ಕಥೆ ಓದಿ ನಾನು ಚೆಕ್‌ರೋಲ್ ತಿದ್ದಲಿಲ್ಲ, ತಿದ್ದಲಿಕ್ಕೂ ಬರುವುದಿಲ್ಲ. ಸಾಹುಕಾರರ ಹತ್ತಿರ ಮಾತಾಡಿ ಕೊಯ್ಲಿನಲ್ಲಿ ಕಣ ಕಾಯುವ ಕೆಲಸವನ್ನು ಆ ಅಜ್ಜಿಗೆ ಕೊಡಿಸಿದೆ. ಕೂತು ಮಾಡುವ ಕೆಲಸ, ಪೂರ್ತಿ ಹಾಜರಿ. ಬೆಟ್ಟ ಹತ್ತಿ ಹಣ್ಣು ಕುಯ್ಯುವವರು ಗೊಣಗಿದರು. ಆ ಗೊಣಗಾಟ ಕೇಳಿದ ಮೇಲೆ ಯಜಮಾನನ ಮಾತು ನನಗೆ ಬೇರೆ ರೀತಿ ಕೇಳಿಸತೊಡಗಿತು.

ಇಷ್ಟೆಲ್ಲ ಮಾಡಿದರೂ ತೆರೆಯದ ಭಾಗಗಳು ಉಳಿಯುತ್ತವೆ. ನ್ಯಾಯಸ್ಥಾಪಕರು 11ರಲ್ಲಿ ಯೆಫ್ತಾಹ ಹರಕೆ ಹೊತ್ತು ತನ್ನ ಒಬ್ಬಳೇ ಮಗಳನ್ನು ಕಳೆದುಕೊಳ್ಳುತ್ತಾನೆ. ಅಲ್ಲಿ ದೇವರು ಒಂದು ಮಾತೂ ಆಡುವುದಿಲ್ಲ. ಆ ಕಾಲದಲ್ಲಿ ಪ್ರತಿಯೊಬ್ಬನೂ ತನಗೆ ಸರಿ ಕಂಡಂತೆ ನಡೆಯುತ್ತಿದ್ದ ಎಂದು ಪುಸ್ತಕದ ಕೊನೆಯಲ್ಲಿ ಇದೆ. ಅದು ಸ್ವಲ್ಪ ದಾರಿ ತೋರಿಸುತ್ತದೆ, ಪೂರ್ತಿ ಅಲ್ಲ. ಇಂಥವನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಳ್ಳಿ. ಜೊತೆಗೆ ಪ್ರಶ್ನೆಯನ್ನೂ ಬರೆಯಿರಿ, ಅರ್ಥವಾಗಲಿಲ್ಲ ಅಂತಷ್ಟೇ ಬರೆದರೆ ಮುಂದಿನ ವರ್ಷ ಏನು ಅರ್ಥವಾಗಲಿಲ್ಲ ಎನ್ನುವುದೇ ನೆನಪಿರುವುದಿಲ್ಲ.

ಹೊಸದಾಗಿ ಶುರುಮಾಡುವವರು ಮತ್ತಾಯ 20 ಮತ್ತು ಲೂಕ 13ರಿಂದ ಶುರುಮಾಡಿ. ಆಮೇಲೆ ಮಾರ್ಕ 11ರಲ್ಲಿ ಯೇಸುಸ್ವಾಮಿ ಶಪಿಸಿದ ಅಂಜೂರದ ಮರ. ಅದನ್ನು ಓದುವಾಗ ನಡುವೆ ಬರುವ ದೇವಾಲಯದ ಘಟನೆಯನ್ನು ಬಿಟ್ಟು ಓದಬೇಡಿ, ಎರಡೂ ಒಂದಕ್ಕೊಂದು ಹೆಣೆದುಕೊಂಡಿವೆ. ಯೋಬನ ಪುಸ್ತಕಕ್ಕೆ ಇಡೀ ಮಳೆಗಾಲ ಇಟ್ಟುಕೊಳ್ಳಿ. ಪ್ರಕಟನೆ ಗ್ರಂಥಕ್ಕೆ ಕೊನೆಗೆ ಬನ್ನಿ. ಗುಂಪಿನಲ್ಲಿ ಯಾರಾದರೂ ಮೊದಲ ದಿನವೇ ಅದರಲ್ಲಿ ಬರುವ ಮೃಗದ ಅಂಕಿ 666 ಯಾರದು ಅಂತ ಕೇಳೇ ಕೇಳುತ್ತಾರೆ. ಚಹಾ ಕೊಟ್ಟು ಕೂರಿಸಿ, ಮತ್ತಾಯ 20 ತೆಗೆಯಲು ಹೇಳಿ.