ಮಂಡೆಬೆಚ್ಚ ಆದರೆ, ಅಂದರೆ ಮನಸ್ಸು ಕೆಟ್ಟರೆ, ಇಂಗ್ಲೆಂಡಿನಲ್ಲಿ ಯಾರ ಹತ್ತಿರ ಹೋಗುವುದು?

ಓದಲು ಇಂಗ್ಲೆಂಡಿಗೆ ಹೊರಟವರ ಪೆಟ್ಟಿಗೆಯಲ್ಲಿ ಹಲಸಿನ ಹಪ್ಪಳದ ಜೊತೆ ಜ್ವರ, ಶೀತದ ಮಾತ್ರೆಗಳೂ ಇರುತ್ತವೆ. ಅವು ಅಲ್ಲಿಯೂ ಸಿಗುತ್ತವೆ, ಬಿಡಿ. ಆದರೆ ಮನೋವೈದ್ಯರು ಬರೆದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮಂಗಳೂರಿನ ಬಜಪೆಯಲ್ಲಿ ವಿಮಾನ ಹತ್ತುವ ಎರಡು ಮೂರು ತಿಂಗಳ ಮೊದಲೇ ಶುರು ಮಾಡಬೇಕಾದ ಕೆಲಸ ಉಂಟು.

ನಮ್ಮಲ್ಲಿ ಖಿನ್ನತೆಗೆ ಕೊಡುವ ಎಸ್ಸಿಟಾಲೊಪ್ರಾಮ್ ಮತ್ತು ಆತಂಕ ತಗ್ಗಿಸುವ ಕ್ಲೊನಾಜೆಪಾಮ್ ಸೇರಿಸಿದ ಒಂದೇ ಮಾತ್ರೆಯನ್ನು ಧಾರಾಳವಾಗಿ ಬರೆಯುತ್ತಾರೆ. ಅಂಥ ಜೋಡಿ ಮಾತ್ರೆ ಬ್ರಿಟನ್ನಿನಲ್ಲಿ ಇಲ್ಲ. ಕ್ಲೊನಾಜೆಪಾಮನ್ನು ಅಲ್ಲಿನ ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರು, ಸುಲಭದಲ್ಲಿ ಮುಂದುವರಿಸುವುದಿಲ್ಲ. ಅದೇ ಬಗೆಯ ಆಲ್ಪ್ರಾಜೊಲಾಮ್ ಅಲ್ಲಿನ ಸರಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಸಿಗುವುದೇ ಇಲ್ಲ. ದಿನಾ ತಿನ್ನುತ್ತಿದ್ದವರು ಇವನ್ನು ಒಮ್ಮೆಲೇ ಬಿಟ್ಟರೆ ನಿದ್ರೆ ಹಾರಿಹೋಗುತ್ತದೆ, ಕೈ ನಡುಗುತ್ತದೆ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಹಾಗಾಗಿ ಕಂಕನಾಡಿಯಲ್ಲೋ ಅತ್ತಾವರದಲ್ಲೋ ತೋರಿಸುವ ಡಾಕ್ಟರರ ಬಳಿ ಮೊದಲೇ ಹೇಳಿ, ಮಾತ್ರೆ ಬೇರೆ ಬೇರೆ ಮಾಡಿಸಿ, ಕಡಿಮೆ ಮಾಡುವುದಿದ್ದರೆ ಅವರ ಕಣ್ಣೆದುರೇ ಮಾಡಬೇಕು. ಒಂದು ಪತ್ರವನ್ನೂ ಕೇಳಿ ಪಡೆಯಬೇಕು: ಕಾಯಿಲೆಯ ಹೆಸರು, ಔಷಧದ ಮೂಲ ಹೆಸರು, ಎಷ್ಟು ಮಿಲಿಗ್ರಾಂ, ಯಾವಾಗಿನಿಂದ, ಹಿಂದೆ ಯಾವುದು ಒಗ್ಗಲಿಲ್ಲ. ಇಲ್ಲಿನ ಕಂಪೆನಿ ಹೆಸರು ಮಾತ್ರ ಬರೆದರೆ ಅಲ್ಲಿ ಯಾರಿಗೂ ತಿಳಿಯುವುದಿಲ್ಲ. ಕ್ಲೊನಾಜೆಪಾಮ್ ಥರದ ನಿಯಂತ್ರಿತ ಔಷಧವಾದರೆ ಮೂರು ತಿಂಗಳಿಗೆ ಕಡಿಮೆ ಬರುವಷ್ಟೇ ಒಯ್ಯಬೇಕು, ಅದಕ್ಕಿಂತ ಹೆಚ್ಚಿಗೆ ಲೈಸನ್ಸ್ ಬೇಕು. ಮಂಗಳೂರಿನಿಂದ ವಾಟ್ಸಾಪಿನಲ್ಲಿ ಚೀಟಿ ತರಿಸಿಕೊಂಡರಾಯ್ತು ಎಂಬ ಲೆಕ್ಕ ಬೇಡ. ಭಾರತದ ಚೀಟಿಗೆ ಅಲ್ಲಿನ ಮೆಡಿಕಲ್‌ನವರು ಮಾತ್ರೆ ಕೊಡುವುದಿಲ್ಲ.

ದುಡ್ಡಿನ ವಿಷಯ. ವೀಸಾ ಅರ್ಜಿಯ ಜೊತೆಗೇ ವಿದ್ಯಾರ್ಥಿಗಳು ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕ ಕಟ್ಟಿರುತ್ತಾರೆ. ಒಂದು ವರ್ಷದ ಮಾಸ್ಟರ್ಸ್‌ಗೆ ಬರುವ ಸುಮಾರು 16 ತಿಂಗಳ ವೀಸಾಕ್ಕೆ ಅದು 1,164 ಪೌಂಡ್ ಆಗುತ್ತದೆ. ಆಮೇಲೆ ಜಿಪಿಗೂ ಎನ್‌ಎಚ್‌ಎಸ್ ಥೆರಪಿಗೂ ಬೇರೆ ಫೀಸ್ ಇಲ್ಲ. ಚೀಟಿಯಲ್ಲಿ ಬರೆದ ಒಂದೊಂದು ಔಷಧಕ್ಕೆ 9.90 ಪೌಂಡ್ (2025ರ ದರ), ಅಷ್ಟೆ. ಖರ್ಚಿಗೆ ಹೆದರಿ ಕೋಣೆಯಲ್ಲೇ ಕೂರುವವರು ಕಟ್ಟಿದ ಹಣವನ್ನು ಸುಮ್ಮನೆ ಬಿಟ್ಟುಕೊಟ್ಟ ಹಾಗೆ.

ಜಿಪಿ ನೋಂದಣಿಯನ್ನು ಚೆನ್ನಾಗಿರುವಾಗಲೇ, ಮೊದಲ ವಾರದಲ್ಲೇ ನಾನು ಮುಗಿಸಿದ್ದು. ಮನಸ್ಸು ಕುಸಿದ ಮೇಲೆ ಫಾರಂ ತುಂಬುವುದೇ ದೊಡ್ಡ ಬೆಟ್ಟ. ಗುರುತಿನ ಚೀಟಿಯಾಗಲಿ ವಿಳಾಸದ ದಾಖಲೆಯಾಗಲಿ ಇಲ್ಲವೆಂದು ನೋಂದಣಿ ನಿರಾಕರಿಸುವಂತಿಲ್ಲ, ನಿಯಮ ಹಾಗೆ ಉಂಟು. ಹಾಸ್ಟೆಲ್ ಬಿಟ್ಟು ಬೇರೆ ಏರಿಯಾಕ್ಕೆ ಹೋದರೆ ಜಿಪಿ ಬದಲಾಗಬಹುದು, ಥೆರಪಿಯ ಸರದಿಯೂ ತಪ್ಪಬಹುದು. ಹಾಗಾಗಿ ಮನೆ ಬದಲಿಸುವ ಮೊದಲು ಫೋನ್ ಮಾಡಿ ಕೇಳುವುದು ಒಳ್ಳೆಯದು.

ಜಿಪಿ ಕೊಡುವ ಸಮಯ ಸಾಮಾನ್ಯವಾಗಿ ಹತ್ತು ನಿಮಿಷ. ನಮ್ಮವರ ಮಾತು ತಲೆನೋವು, ಗ್ಯಾಸ್ಟ್ರಿಕ್, ಸುಸ್ತಿನಿಂದ ಶುರುವಾಗುತ್ತದೆ. ಹತ್ತು ನಿಮಿಷ ಅಲ್ಲಿಗೇ ಮುಗಿದು ಪ್ಯಾರಾಸಿಟಮಾಲ್ ಹಿಡಿದು ಹೊರಗೆ ಬರುವುದಾಗುತ್ತದೆ. ಮೊದಲ ವಾಕ್ಯವೇ ಮನಸ್ಸಿನ ಬಗ್ಗೆ ಇರಲಿ. ನಾನು ಚೀಟಿಯಲ್ಲಿ ಐದು ಸಾಲು ಬರೆದುಕೊಂಡು ಹೋಗುವುದು: ಎಷ್ಟು ವಾರದಿಂದ, ರಾತ್ರಿ ಎಷ್ಟು ಗಂಟೆ ನಿದ್ರೆ, ಊಟ ಹೇಗೆ, ಯಾವ ಕ್ಲಾಸು ತಪ್ಪಿತು, ಸಾಯುವ ಯೋಚನೆ ಬರುತ್ತದೆಯೋ ಇಲ್ಲವೋ. ವಿಷಯ ಜಾಸ್ತಿ ಇದ್ದರೆ ಬುಕ್ ಮಾಡುವಾಗಲೇ ಡಬಲ್ ಅಪಾಯಿಂಟ್‌ಮೆಂಟ್ ಕೇಳಬಹುದು. ಇಂಗ್ಲಿಷಿನಲ್ಲಿ ಮಾತು ಹೊರಡದಿದ್ದರೆ ಎನ್‌ಎಚ್‌ಎಸ್ ಉಚಿತವಾಗಿ ದುಭಾಷಿಯನ್ನು ಒದಗಿಸುತ್ತದೆ. ಕನ್ನಡ ಬೇಕೆಂದು ಮೊದಲೇ ಹೇಳಿರಬೇಕು. ರೂಮ್‌ಮೇಟನ್ನು ಆ ಕೆಲಸಕ್ಕೆ ಕೂರಿಸಿದರೆ ಅರ್ಧ ವಿಷಯ ಬಾಯಿಯಲ್ಲೇ ಉಳಿಯುತ್ತದೆ.

ಮಾತಿನ ಚಿಕಿತ್ಸೆಗೆ ಜಿಪಿಯ ಪತ್ರ ಬೇಕೆಂದೇನಿಲ್ಲ. ಇಂಗ್ಲೆಂಡಿನಲ್ಲಿ ಎನ್‌ಎಚ್‌ಎಸ್ ಟಾಕಿಂಗ್ ಥೆರಪೀಸ್‌ಗೆ ನಾವೇ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ಅಲ್ಲಿ ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆ ಕೊಡುತ್ತಾರೆ, ಕಳೆದ ಎರಡು ವಾರದ ಬಗ್ಗೆ. ಒಂದೊಂದಕ್ಕೆ 0ರಿಂದ 3, ಒಟ್ಟು 27. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಚಿಕಿತ್ಸೆ ಬೇಕಾದ ಮಟ್ಟ ಎಂದು ಎಣಿಸುತ್ತಾರೆ. "ಏನಿಲ್ಲ, ಅಡ್ಡಿಲ್ಲ" ಎನ್ನುವ ನಮ್ಮ ಅಭ್ಯಾಸಕ್ಕೆ ಸೊನ್ನೆ ಹಾಕುತ್ತಾ ಹೋದರೆ ಸರದಿಯಲ್ಲಿ ಕೆಳಗೆ ಬೀಳುವುದು ನಾವೇ. ನೂರಕ್ಕೆ 75 ಮಂದಿಗೆ ಆರು ವಾರದೊಳಗೆ ಚಿಕಿತ್ಸೆ ಶುರುವಾಗಬೇಕೆಂಬುದು ಅವರ ಗುರಿ. ಅಲ್ಲಿಯವರೆಗೆ ಯೂನಿವರ್ಸಿಟಿಯ ಕೌನ್ಸೆಲಿಂಗ್ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಸಿಗುವುದು ನಾಲ್ಕಾರು ಭೇಟಿ ಮಾತ್ರ. ಪರೀಕ್ಷೆ ಹತ್ತಿರವಾದಂತೆ ಸರದಿ ಬೆಳೆಯುವುದರಿಂದ ಅಕ್ಟೋಬರಿನಲ್ಲೇ ಹೆಸರು ಕೊಡುವುದು ಜಾಣತನ. ಸಂಜೆ ನಾಲ್ಕಕ್ಕೇ ಕತ್ತಲಾಗುವ ಡಿಸೆಂಬರ್ ಬೇರೆ ಎದುರಿಗಿರುತ್ತದೆ.

ತೀರಾ ತಡೆಯಲಾಗದಿದ್ದರೆ ಎನ್‌ಎಚ್‌ಎಸ್ ಸಹಾಯವಾಣಿ 111ಕ್ಕೆ ಫೋನ್ ಮಾಡಿ 2 ಒತ್ತಬೇಕು. ಜೀವಕ್ಕೆ ಅಪಾಯವೆಂದರೆ 999. ಬರೀ ಯಾರಾದರೂ ಕೇಳಿಸಿಕೊಳ್ಳಬೇಕು ಎಂದಾದರೆ ಸಮಾರಿಟನ್ಸ್‌ನ 116 123, ಹಗಲು ರಾತ್ರಿ ಉಚಿತ. ಊರಲ್ಲಿ ಗಾಬರಿಯಾಗುವ ಅಪ್ಪ ಅಮ್ಮನಿಗೆ ಭಾರತ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಕೊಟ್ಟು ಬರಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಆ ಸಂಖ್ಯೆ ವಿದೇಶದಿಂದ ಸಿಕ್ಕುತ್ತದೆಂದು ನಂಬಿ ಕೂರಬೇಡಿ.

ಡಾಕ್ಟರಿಗೆ ಹೇಳಿದರೆ ವೀಸಾ ಹೋಗುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಜೀವಕ್ಕೆ ಅಪಾಯವಿಲ್ಲದಿದ್ದರೆ ಜಿಪಿ ಯೂನಿವರ್ಸಿಟಿಗೂ ಮನೆಗೂ ಹೇಳುವುದಿಲ್ಲ. ವೀಸಾಕ್ಕೆ ತೊಂದರೆ ಬರುವುದು ಹೇಳದೆ ಕ್ಲಾಸು ತಪ್ಪಿಸಿದರೆ. ಓದಿಗೆ 60 ದಿನಕ್ಕಿಂತ ಹೆಚ್ಚು ವಿರಾಮ ತೆಗೆದುಕೊಂಡರೂ ಸಾಮಾನ್ಯವಾಗಿ ವೀಸಾಕ್ಕೆ ಯೂನಿವರ್ಸಿಟಿ ಕೊಡುವ ಪ್ರಾಯೋಜಕತ್ವ ನಿಲ್ಲುತ್ತದೆ, ಹಾಗಾಗಿ ರಜೆಯ ಅರ್ಜಿಗೆ ಸಹಿ ಹಾಕುವ ಮುಂಚೆ ಅಂತರರಾಷ್ಟ್ರೀಯ ವಿದ್ಯಾರ್ಥಿ ಸಲಹೆಗಾರರನ್ನು ಕಾಣಬೇಕು. ಗಡುವು ಮುಂದೂಡಿದರೆ ಸಾಕು ಎನ್ನುವವರು ಸಲ್ಲಿಕೆಯ ದಿನಕ್ಕಿಂತ ಮೊದಲೇ ಅರ್ಜಿ ಕೊಡಿ. ಜಿಪಿಯ ಪತ್ರಕ್ಕೆ ಹಲವೆಡೆ ಫೀಸೂ ಉಂಟು, ವಾರಗಟ್ಟಲೆ ಕಾಯುವುದೂ ಉಂಟು. ಕೌನ್ಸೆಲರ್ ಪತ್ರ ನಡೆಯುತ್ತದೆಯೇ ಎಂದು ಡಿಪಾರ್ಟ್‌ಮೆಂಟಿನಲ್ಲಿ ಮೊದಲು ವಿಚಾರಿಸಿ.