ನಾಯಿಗೆ ಬೆನ್ನುನೋವೇ? ಮೂಳೆ ಒತ್ತಿಸುವ ಮೊದಲು ಇಷ್ಟು ಮಾಡಿ

ದಿನವೂ ಸೋಫಾಕ್ಕೆ ಹಾರುತ್ತಿದ್ದ ನಾಯಿ ಕೆಳಗೇ ನಿಂತುಬಿಡುತ್ತದೆ. ಎತ್ತಿಕೊಳ್ಳಲು ಹೋದರೆ ಕುಂಯ್‌ಗುಟ್ಟುತ್ತದೆ. ಬೆನ್ನು ಗೂನಾಗಿ, ಹೊಟ್ಟೆ ಬಿಗಿಯಾಗಿರುತ್ತದೆ. ಇಂಥ ನಾಯಿಗೆ ಕೈರೋಪ್ರಾಕ್ಟಿಕ್ ಮಾಡಿಸಿ ಎನ್ನುವವರು ಈಗ ಹೆಚ್ಚಾಗಿದ್ದಾರೆ. ಬೆನ್ನುಮೂಳೆಯ ಕೀಲುಗಳನ್ನು ಕೈಯಿಂದ ಥಟ್ಟನೆ, ಬಹಳ ಕಡಿಮೆ ಅಂತರಕ್ಕೆ ಒತ್ತುವ ವಿಧಾನವದು. ಆಗ ಕೇಳುವ ಲಟಕ್ ಸದ್ದು ಮೂಳೆ ಸರಿಯಾಗಿ ಕೂತದ್ದರ ಗುರುತಲ್ಲ, ಕೀಲಿನ ದ್ರವದಲ್ಲಿ ಅನಿಲದಿಂದ ಆಗುವ ಸದ್ದು. ನಾಯಿಗಳಲ್ಲಿ ಇದರ ಪ್ರಯೋಜನಕ್ಕೆ ಗಟ್ಟಿ ಪುರಾವೆ ಕಡಿಮೆ. ಕಾರಣ ತಿಳಿಯದೆ ಒತ್ತಿಸಿದರೆ ಆಗುವ ಹಾನಿ ಮಾತ್ರ ದೊಡ್ಡದು.

ಮೊದಲು ಹಿಂಗಾಲು ನೋಡಿ. ಜಾರದ ಮ್ಯಾಟ್ ಮೇಲೆ ನಿಲ್ಲಿಸಿ, ಹೊಟ್ಟೆಯ ಕೆಳಗೆ ಕೈಯಾನಿಸಿ, ಒಂದು ಪಾದವನ್ನು ಮಡಚಿ ಅದರ ಮೇಲ್ಭಾಗ ನೆಲಕ್ಕೆ ತಾಗುವಂತೆ ಇಡಿ. ನರ ಸರಿಯಿದ್ದರೆ ನಾಯಿ ತಕ್ಷಣ ಪಾದವನ್ನು ನೆಟ್ಟಗೆ ಮಾಡಿಕೊಳ್ಳುತ್ತದೆ. ತಡಮಾಡಿದರೆ, ನಡೆಯುವಾಗ ಉಗುರು ಉಜ್ಜುತ್ತಿದ್ದರೆ ಅಂದೇ ಪಶುವೈದ್ಯರಲ್ಲಿಗೆ ಒಯ್ಯಿರಿ. ಹಿಂಗಾಲು ಪೂರ್ತಿ ಬಿದ್ದುಹೋಗಿದ್ದರೆ, ಮೂತ್ರ ಕಟ್ಟಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ.

ಡ್ಯಾಶ್‌ಹಂಡ್, ಬೀಗಲ್, ಪೆಕಿನೀಸ್, ಫ್ರೆಂಚ್ ಬುಲ್‌ಡಾಗ್ ತಳಿಗಳಲ್ಲಿ ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತೆಯಂತಿರುವ ಡಿಸ್ಕ್ ಚಿಕ್ಕ ವಯಸ್ಸಿಗೇ ಗಡುಸಾಗುತ್ತದೆ. ಅದು ಒಡೆದು ಬೆನ್ನುಹುರಿಯನ್ನು ಒತ್ತುವುದು ಹೆಚ್ಚಾಗಿ ಕೊನೆಯ ಪಕ್ಕೆಲುಬು ಸೊಂಟಕ್ಕೆ ಸೇರುವ ಜಾಗದಲ್ಲಿ. ಅಲ್ಲಿ ಥಟ್ಟನೆ ಒತ್ತಿದರೆ ಉಳಿದ ಡಿಸ್ಕೂ ಒಳನುಗ್ಗಬಹುದು. ಎಕ್ಸ್‌ರೇಯಲ್ಲಿ ಮುರಿತ, ಸೋಂಕು, ಮೂಳೆಯ ಗಡ್ಡೆ ಕಾಣಬಹುದು, ಬೆನ್ನುಹುರಿ ಕಾಣದು. ಅದಕ್ಕೆ ಎಂಆರ್‌ಐ ಬೇಕು. ಉಣ್ಣಿ ಕಡಿತದಿಂದ ಬರುವ ಜ್ವರದಲ್ಲೂ ನಾಯಿ ಹೀಗೇ ಮುದುಡಿ ನಡೆಯುತ್ತದೆ, ಆದ್ದರಿಂದ ರಕ್ತಪರೀಕ್ಷೆಯನ್ನೂ ಕೇಳಿ. ಮನೆಯಲ್ಲಿರುವ ಐಬುಪ್ರೊಫೇನ್, ಪ್ಯಾರಾಸಿಟಮಾಲ್ ಕೊಡಲೇಬೇಡಿ. ಹಿಂದೆ ಯಾವ ಮಾತ್ರೆ ಕೊಟ್ಟಿದ್ದೀರೆಂದು ವೈದ್ಯರಿಗೆ ಹೇಳಿ: ಸ್ಟೆರಾಯ್ಡ್ ಮತ್ತು ನೋವಿನ ಮಾತ್ರೆ ಒಟ್ಟಾದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು.

ಡಿಸ್ಕ್ ತೊಂದರೆಯೆಂದು ಗೊತ್ತಾಗಿ, ಕಾಲಿನಲ್ಲಿ ಬಲ ಇನ್ನೂ ಇದ್ದರೆ ವೈದ್ಯರು ಸಾಮಾನ್ಯವಾಗಿ 4ರಿಂದ 6 ವಾರ ಕಟ್ಟುನಿಟ್ಟಿನ ವಿಶ್ರಾಂತಿ ಹೇಳುತ್ತಾರೆ. ನಿಲ್ಲಲು, ತಿರುಗಲು, ಕಾಲುಚಾಚಿ ಮಲಗಲು ಸಾಕಾಗುವಷ್ಟೇ ದೊಡ್ಡ ಗೂಡು ಸಾಕು. ಮಲಮೂತ್ರಕ್ಕೆ ಮಾತ್ರ, ಕತ್ತಿನ ಪಟ್ಟಿ ಬಿಟ್ಟು ಎದೆಪಟ್ಟಿ ಹಾಕಿ ಹೊರಗೆ ತನ್ನಿ. ಹೆಚ್ಚಿನವರು ತಪ್ಪುವುದು ಇಲ್ಲೇ. ಮಾತ್ರೆಯಿಂದ ಎರಡು ಮೂರು ದಿನದಲ್ಲಿ ನೋವು ತಗ್ಗುತ್ತದೆ, ನಾಯಿ ಓಡಲು ಹವಣಿಸುತ್ತದೆ, ಪಾಪ ಎನಿಸಿ ಬಿಟ್ಟುಬಿಡುತ್ತಾರೆ. ಡಿಸ್ಕ್ ಇನ್ನೂ ಮಾಗಿರುವುದಿಲ್ಲ.

ವಯಸ್ಸಾದ ಲ್ಯಾಬ್ರಡಾರ್‌ನ ಸೊಂಟ ಬಿಗಿದಿದ್ದರೆ ಮಾತು ಬೇರೆ. ವೈದ್ಯರು ಒಪ್ಪಿದ ಮೇಲೆ ಮನೆಯಲ್ಲೇ ಮಾಡಬಹುದಾದದ್ದು ಬಹಳಷ್ಟಿದೆ. ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲ್ ಅನ್ನು ನಿಮ್ಮ ಮುಂಗೈಗೆ ಹಿತವೆನಿಸುವ ಬಿಸಿಯಲ್ಲಿ 10 ನಿಮಿಷ ಸೊಂಟದ ಮೇಲಿಡಿ. ಬಳಿಕ ಅಂಗೈಯಿಂದ ಕತ್ತಿನಿಂದ ಬಾಲದ ಕಡೆಗೆ, ಬೆನ್ನುಮೂಳೆಯ ಎರಡೂ ಬದಿಯ ಸ್ನಾಯುವನ್ನಷ್ಟೇ ನಿಧಾನವಾಗಿ ನೀವಿ. ಮೂಳೆಯ ಗಂಟುಗಳ ಮೇಲೆ ಬೆರಳೂರಬೇಡಿ. ಆಮೇಲೆ ಒಂದು ಮಗ್ಗುಲಿಗೆ ಮಲಗಿಸಿ, ಮಂಡಿಯ ಕೆಳಗೆ ಕೈಯಿಟ್ಟು, ಹಿಂಗಾಲನ್ನು ತಾನಾಗಿ ಬರುವಷ್ಟೇ ಹಿಂದಕ್ಕೂ ಮುಂದಕ್ಕೂ 10 ಬಾರಿ ಆಡಿಸಿ. ತಲೆ ತಿರುಗಿಸಿ ನಿಮ್ಮ ಕೈ ನೋಡಿದರೆ, ತುಟಿ ನೆಕ್ಕಿಕೊಂಡರೆ ಅದು ನೋವಿನ ಗುರುತು. ಅಲ್ಲಿಗೆ ನಿಲ್ಲಿಸಿ.

ಇಷ್ಟರ ಮೇಲೂ ಕೈರೋಪ್ರಾಕ್ಟಿಕ್ ಬೇಕೆನಿಸಿದರೆ, ಮಾಡುವವರು ಪಶುವೈದ್ಯರೇ ಎಂದು ನೇರವಾಗಿ ಕೇಳಿ. ಅಮೆರಿಕದಲ್ಲಿ 1989ರಲ್ಲಿ ಶುರುವಾದ ಅಮೆರಿಕನ್ ವೆಟರ್ನರಿ ಕೈರೋಪ್ರಾಕ್ಟಿಕ್ ಅಸೋಸಿಯೇಷನ್ ಪಶುವೈದ್ಯರಲ್ಲದ ಕೈರೋಪ್ರಾಕ್ಟರ್‌ಗಳಿಗೂ ಪ್ರಮಾಣಪತ್ರ ಕೊಡುತ್ತದೆ. ಹಾಗಾಗಿ ಗೋಡೆಯ ಮೇಲಿನ ಪತ್ರವೊಂದನ್ನೇ ನಂಬಬೇಡಿ. ನಾಯಿಯ ಎಕ್ಸ್‌ರೇ ನೋಡದೆ, ಪಾದ ಮಡಚಿ ಪರೀಕ್ಷಿಸದೆ ಬೆನ್ನಿಗೆ ಕೈ ಹಾಕುವವರಿದ್ದರೆ ನಾಯಿಯನ್ನು ವಾಪಸು ಕರೆದುಕೊಂಡು ಬನ್ನಿ. ಕರೆದೊಯ್ಯುವಾಗಲೂ ಬರುವಾಗಲೂ ಕಂಕುಳಿಗೆ ಕೈ ಹಾಕಿ ಎತ್ತಬೇಡಿ; ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗಿರಲಿ, ಬೆನ್ನು ನೆಲಕ್ಕೆ ಸಮವಾಗಿರಲಿ.