ಅಡಿಕೆ ಗೋದಾಮಿನಲ್ಲಿ ಉಪ್ಪಿನಕಾಯಿಯ ಪಕ್ಕ ಹಪ್ಪಳ

ನನ್ನ ಗೋದಾಮಿನ ಮೊದಲ ರ‍್ಯಾಕಿನಲ್ಲಿ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಪಾಕದಂಥ ಜೋನಿ ಬೆಲ್ಲ ಒಟ್ಟಿಗಿವೆ. ಸಾಗರದ ಅಡಿಕೆ ಮಂಡಿಯವರು ನೋಡಿ, ‘ಬೆಟ್ಟೆಯನ್ನೂ ಗೊರಬಲನ್ನೂ ಕಲಸಿಟ್ಟ ಹಾಗಿದೆ’ ಎಂದರು. ಅವೆರಡೂ ಅಡಿಕೆಯ ಜಾತಿಗಳು, ಬೇರೆಬೇರೆಯಾಗಿಯೇ ಪೇರಿಸುವಂಥವು. ಈಗ ಅಲ್ಲಿಂದಲೇ ದಿನಕ್ಕೆ 150ರ ಆಸುಪಾಸು ಆನ್‌ಲೈನ್ ಆರ್ಡರ್ ಹೊರಡುತ್ತವೆ, ಅದೂ ಮೂರೇ ಜನರ ಕೈಯಲ್ಲಿ.

ಇದು ಅಪ್ಪಯ್ಯನ ಕಾಲದ ಅಡಿಕೆ ಗೋದಾಮು, ಸುಮಾರು 30 ಅಡಿಗೆ 60 ಅಡಿ. ಜಾತಿವಾರು ಚೀಲ ಪೇರಿಸುವುದನ್ನು ನೋಡಿ ಬೆಳೆದವನು ನಾನು. ಆನ್‌ಲೈನ್ ಮಾರಾಟಕ್ಕೂ ಹಾಗೆಯೇ ಜೋಡಿಸಿದೆ. ಚೀಲಗಟ್ಟಲೆ ಹೋಗುವ ಮಾಲಿಗೆ ಅದು ಸರಿ. ಒಂದು ಬಾಟಲಿ, ಎರಡು ಕಟ್ಟು ಹಪ್ಪಳದ ಆರ್ಡರಿಗೆ ಗೋದಾಮು ಪೂರ್ತಿ ಸುತ್ತಬೇಕು. ನಾಲ್ಕಕ್ಕೆ ಕೊರಿಯರ್ ಗಾಡಿ ಬಂದಾಗ 40 ಪೆಟ್ಟಿಗೆಗೂ ಟೇಪು ಬಿದ್ದಿರುತ್ತಿರಲಿಲ್ಲ.

ಆಮೇಲೆ ಬೆಂಗಳೂರಿನವರೊಬ್ಬರ ನಕ್ಷೆ ನಂಬಿ, ಗೋಡೆಗೆ ತಾಗಿಸಿ 10 ಅಡಿಯ ರ‍್ಯಾಕ್ ನಿಲ್ಲಿಸಿದೆ. ಹತ್ತಿರ ಹತ್ತಿರ ಒಂದೂಮುಕ್ಕಾಲು ಲಕ್ಷ ಹೋಯಿತು. ಆಷಾಢದಲ್ಲಿ ಗೋಡೆ ಬೆವರಿತು, ಹಪ್ಪಳಕ್ಕೆ ಬೂಷ್ಟು ಹಿಡಿಯಿತು, 30 ಸಾವಿರ ಮಣ್ಣುಪಾಲಾಯಿತು. ಏಣಿಯಿಂದ ಜಾರಿ ಒಡೆದ ಬಾಟಲಿಗಳ ಲೆಕ್ಕ ಬೇರೆ.

ಕೊನೆಗೆ ಮೂರು ತಿಂಗಳ ಆರ್ಡರ್ ಚೀಟಿಗಳನ್ನು ಜಗಲಿಯಲ್ಲಿ ಹರಡಿಕೊಂಡು ಕುಳಿತೆ. 80 ಬಗೆಯ ಸರಕಿನಲ್ಲಿ ಹನ್ನೆರಡೇ ಬಗೆ ಮುಕ್ಕಾಲು ಪಾಲು ಚೀಟಿಗಳಲ್ಲಿದ್ದವು. ಮಿಡಿ ಕೊಂಡವರು ಹಪ್ಪಳ ಬಿಡುವುದಿಲ್ಲ! ಪ್ಯಾಕಿಂಗ್ ಮೇಜನ್ನು ಒಳಮೂಲೆಯಿಂದ ಬಾಗಿಲ ಬಳಿಗೆ ತಂದೆ. ಆ ಹನ್ನೆರಡನ್ನೂ ಅದರ ಸುತ್ತ, ಸೊಂಟದಿಂದ ಭುಜದವರೆಗಿನ ಎತ್ತರದಲ್ಲಿ, ಜೊತೆಯಾಗಿ ಹೋಗುವುದನ್ನು ಜೊತೆಗಿಟ್ಟು ಜೋಡಿಸಿದೆ. ಹೆಚ್ಚುವರಿ ದಾಸ್ತಾನು ಹಿಂದೆ. ಗಾಡಿ ಹೋದ ಮೇಲೆ ಸಂಜೆ ತುಂಬಿಸುತ್ತೇವೆ. ಅಡಿಕೆ ಹಾಳೆಯ ಊಟದ ತಟ್ಟೆ ಹಗುರ, ಆದರೆ ಜಾಗ ತಿನ್ನುತ್ತದೆ, ಹಾಗಾಗಿ ಹಿಂದಿನ ಸಾಲಿನ ಮೇಲ್ತಟ್ಟಿಗೆ ಹೋಯಿತು. ಎತ್ತರದ ರ‍್ಯಾಕ್‌ಗಳನ್ನು ಕತ್ತರಿಸಿ ಎರಡೆರಡು ಮಾಡಿಸಿದೆ; ವೆಲ್ಡಿಂಗ್‌ನವರು 9 ಸಾವಿರದಷ್ಟು ತೆಗೆದುಕೊಂಡರು. ಅವು ಈಗ ಗೋಡೆಯಿಂದ ಒಂದೂವರೆ ಅಡಿ ಈಚೆಗೆ, ನೆಲದಲ್ಲಿ ಇಡುವ ಪೆಟ್ಟಿಗೆಗಳ ಅಡಿಗೆ ಅಡಿಕೆ ಮರ ಸೀಳಿದ ದಬ್ಬೆ.

ನಡುವೆ ತೇವ ಹೀರಲೆಂದು ಹಪ್ಪಳದ ಪೆಟ್ಟಿಗೆಗಳಿಗೆ ಇದ್ದಿಲಿನ ಗಂಟು ಹಾಕಿಯೂ ನೋಡಿದೆ. ಹತ್ತು ದಿನಕ್ಕೊಮ್ಮೆ ಒಲೆಯ ಮೇಲೆ ಒಣಗಿಸುವ ಕೆಲಸ ಯಾರಿಗೂ ಬೇಡವಾಯಿತು, ಬಿಗಿ ಮುಚ್ಚಳದ ತಗಡಿನ ಡಬ್ಬವೇ ಗತಿ. ಜೋನಿ ಬೆಲ್ಲಕ್ಕೆ ಇರುವೆ ಬರುತ್ತಿತ್ತು. ಅಜ್ಜಿ ತುಪ್ಪದ ಗೂಡಿಗೆ ಮಾಡುತ್ತಿದ್ದಂತೆ ರ‍್ಯಾಕಿನ ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಟ್ಟೆ, ನಿಂತಿತು.

ಹತ್ತು ಚೀಟಿ ಒಟ್ಟಿಗೆ ಹಿಡಿದು ಒಂದೇ ಸುತ್ತಿನಲ್ಲಿ ಸರಕು ತೆಗೆಯುತ್ತೇವೆ. ಯಾವ ಹತ್ತನ್ನು ಜೋಡಿಸಬೇಕು ಎಂಬುದು ಮಾತ್ರ ನನ್ನಲ್ಲೇ ಇರಲಿ, ಹೊಟ್ಟೆಪಾಡಿನ ವಿಷಯ.

ಸರಕು ತೆಗೆಯುವ ಅಕ್ಕ ಮೊಬೈಲಿನಲ್ಲಿ ಹೆಜ್ಜೆ ಎಣಿಸುತ್ತಾರೆ. ಮೊದಲು ದಿನಕ್ಕೆ 14 ಸಾವಿರ ಆಗುತ್ತಿತ್ತಂತೆ, ಈಗ ಐದು ಸಾವಿರ ದಾಟುವುದಿಲ್ಲ. ಕಳೆದ ದೀಪಾವಳಿಯ ವಾರ ಒಂದೇ ದಿನ 260 ಪೆಟ್ಟಿಗೆ ಕಟ್ಟಿದೆವು. ಗಾಡಿ ಬಂದಾಗ ಎಲ್ಲವೂ ಜಗಲಿಯಲ್ಲಿದ್ದವು, ಅಕ್ಕ ಚಹಾ ಸೋಸುತ್ತಿದ್ದರು.